ಹದಿನೈದು ಲಕ್ಷ ಕಿಲೋಮೀಟರಿನಾಚೆಯ ಚುಕ್ಕೆ

ವಿಕ್ರೋಳಿಯಲ್ಲಿ ನಕ್ಷತ್ರ ನೋಡುವವರಿದ್ದಾರೆಂದರೆ ನಮ್ಮ ಓದುಗರಲ್ಲಿ ಅನೇಕರು ನಕ್ಕಾರು. ನಗುವುದು ನ್ಯಾಯವೇ. ಒಂದು ಮಗ್ಗುಲಿಗೆ ಹೆದ್ದಾರಿಯ ದೀಪಗಳ ಮೆರವಣಿಗೆ, ಇನ್ನೊಂದು ಮಗ್ಗುಲಿಗೆ ರೈಲುದಾರಿ, ನಡುವೆ ನೋಡನೋಡುತ್ತಿದ್ದಂತೆ ಏರುತ್ತಿರುವ ಕಟ್ಟಡಗಳು. ನಮ್ಮ ಕಟ್ಟಡದ ತಾರಸಿಯ ಮೇಲೆ ನಿಂತು ಕತ್ತೆತ್ತಿದರೆ, ಚಳಿಗಾಲದ ನಿರ್ಮಲ ರಾತ್ರಿಯಲ್ಲೂ ಇಪ್ಪತ್ತು ಮೂವತ್ತು ಚುಕ್ಕೆ ಎಣಿಸಲು ಸಿಕ್ಕಿದರೆ ಪುಣ್ಯ. ಊರಿನ ಅಂಗಳದಲ್ಲಿ ಚಾಪೆ ಹಾಸಿ ಮಲಗಿ ಆಕಾಶಗಂಗೆಯನ್ನು ಕಂಡು ಬೆಳೆದ ನಮಗೆ, ಇಲ್ಲಿಯ ಆಕಾಶಕ್ಕೆ ಯಾರೋ ಸುಣ್ಣ ಬಳಿದುಬಿಟ್ಟಿದ್ದಾರೆಂದೇ ತೋರುತ್ತದೆ. ಹೀಗಿದ್ದೂ ಈ ಬಡಾವಣೆಯ ನಾವು ಮೂವರು ಒಂದು ದೂರದರ್ಶಕವನ್ನು ಕಟ್ಟಿಕೊಂಡು, ನಕ್ಷತ್ರವನ್ನಲ್ಲ, ಗ್ರಹವನ್ನಲ್ಲ, ಮನುಷ್ಯನೇ ಮಾಡಿ ಹಾರಿಸಿದ ಯಂತ್ರವೊಂದನ್ನು ಹದಿನೈದು ಲಕ್ಷ ಕಿಲೋಮೀಟರು ದೂರದಿಂದ ಛಾಯಾಚಿತ್ರದಲ್ಲಿ ಹಿಡಿದೆವು ಎಂಬುದೇ ಈ ಲೇಖನದ ವಿಷಯ. ಹಿಡಿದದ್ದು ಎರಡನೆಯ ಪ್ರಯತ್ನದಲ್ಲಿ. ಮೊದಲನೆಯದು ಏಕೆ ಕೆಟ್ಟಿತೆಂಬುದನ್ನೂ ಮುಚ್ಚಿಡದೆ ಹೇಳುತ್ತೇವೆ.

ಇದಕ್ಕೆಲ್ಲ ಮೂಲ ನಮ್ಮ ಕೆಳಗಿನ ಅಂತಸ್ತಿನ ಮಾಮ. ಉಡುಪಿಯ ಕಡೆಯವರು. ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ವಿಕ್ರೋಳಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತವರು. ವಿಕ್ರೋಳಿಯ ಗೋದ್ರೇಜ್ ಎಂದರೆ ಬೀರು ಮತ್ತು ಬೀಗ ಎಂದಷ್ಟೇ ತಿಳಿದವರು ಇಂದಿಗೂ ಇದ್ದಾರೆ. ಆದರೆ ನಮ್ಮ ಇಸ್ರೋದ ರಾಕೆಟ್ಟುಗಳಿಗೆ ಬೇಕಾದ ‘ವಿಕಾಸ್’ ಎಂಬ ದ್ರವ ಇಂಧನದ ಎಂಜಿನುಗಳೂ ಅಲ್ಲಿ ರೂಪುಗೊಂಡಿವೆ. ಪಿ.ಎಸ್.ಎಲ್.ವಿ.ಯ ಎರಡನೆಯ ಹಂತದಲ್ಲಿ ಇಂಥದೊಂದು ಎಂಜಿನು. ಚಂದ್ರಯಾನ–೩ನ್ನು ಹೊತ್ತೊಯ್ದ ದೊಡ್ಡ ರಾಕೆಟ್ಟಿನ ನಡುಹಂತದಲ್ಲಿ ಎರಡು. ಮಾಮ ನಿವೃತ್ತರಾಗುವ ಮುಂಚಿನ ಹಲವು ವರ್ಷ ಆ ಎಂಜಿನಿನ ಬಿಡಿಭಾಗವೊಂದನ್ನು ಕಡೆದು ನಯಮಾಡುವುದರಲ್ಲಿ ಕಳೆದರು. ಕೂದಲೆಳೆಯ ಅಗಲದಲ್ಲಿ ಕಾಲು ಪಾಲು ತಪ್ಪಿದರೂ ತುಣುಕು ತಿರಸ್ಕೃತವಾಗುತ್ತಿತ್ತಂತೆ.

೨೦೧೩ರ ನವೆಂಬರ್ ೫ರಂದು ಶ್ರೀಹರಿಕೋಟೆಯಿಂದ ಮಂಗಳಯಾನ ಹೊರಟಾಗ ಅವರ ಮನೆಯಲ್ಲಿ ಟೀವಿಯ ಮುಂದೆ ನಾವೆಲ್ಲ ಸೇರಿದ್ದೆವು. “ಮಾಮ, ನಿಮ್ಮ ಕೈಕೆಲಸ ಮಂಗಳನಲ್ಲಿಗೆ ಹೊರಟಿತಲ್ಲ!” ಎಂದು ನಾವು ಹಿಗ್ಗಿನಿಂದ ಹೇಳಿದರೆ ಅವರು ತಲೆಯಾಡಿಸಿದರು. “ನನ್ನದು ಹೋಗುವುದಿಲ್ಲ ಮಾರಾಯ. ಎರಡು ಮೂರು ನಿಮಿಷ ಉರಿದು ಸಮುದ್ರಕ್ಕೆ ಬೀಳುತ್ತದೆ. ಅದು ಹೊತ್ತದ್ದು ಹೋಗುತ್ತದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋದದ್ದು ಇಲ್ಲಿಂದ ಕಾಣುತ್ತದೋ?” ಎಂದು ಕೇಳಿದರು. ನಾವಾಗ ಸರಕಾರಿ ನೌಕರಿಗೆ ಹೊಸದಾಗಿ ಸೇರಿದ ಬಿ.ಎ. ಪದವೀಧರರು, ಇಂಥ ಪ್ರಶ್ನೆಗೆ ಉತ್ತರ ನಮ್ಮಲ್ಲಿರಲಿಲ್ಲ. ಮಾಮನ ಬಲಗಣ್ಣಿಗೆ ಆಗಲೇ ಗ್ಲಾಕೋಮಾ ಎಂದು ಡಾಕ್ಟರು ಹೇಳಿಯಾಗಿತ್ತು.

ಆ ಪ್ರಶ್ನೆ ಎಂಟು ವರ್ಷ ನಮ್ಮ ತಲೆಯಲ್ಲೇ ಇತ್ತು. ೨೦೨೧ರಲ್ಲಿ, ಮನೆಯಲ್ಲಿಯೇ ಕೂತು ಬೇಸತ್ತ ಕಾಲದಲ್ಲಿ, ನಾವೂ, ನಮ್ಮ ಸಂಘದ ಒಬ್ಬ ಶಾಲಾ ಮಾಸ್ತರರೂ, ಮುಲುಂಡಿನ ಒಬ್ಬ ಮರಾಠಿ ಗೆಳೆಯರೂ ಹಣ ಕೂಡಿಸಿ ಎಂಟು ಅಂಗುಲ ಕನ್ನಡಿಯ, ಯಾರೋ ಬಳಸಿ ಬಿಟ್ಟ ಒಂದು ದೂರದರ್ಶಕವನ್ನು ಕೊಂಡೆವು. ಆಕಾಶ ತಿರುಗುವ ವೇಗಕ್ಕೆ ಸರಿಯಾಗಿ ತಾನೂ ತಿರುಗುವ ಮೋಟಾರಿನ ಪೀಠ ಅದಕ್ಕಿತ್ತು. ಗೆಳೆಯರ ಹತ್ತಿರ ಗ್ರಹಗಳ ಚಿತ್ರ ತೆಗೆಯುವ ಬೆಂಕಿಪೆಟ್ಟಿಗೆಯಷ್ಟು ಪುಟ್ಟ ಕ್ಯಾಮರಾ ಇತ್ತು. ನಮ್ಮ ಮನೆಯಾಕೆ ಖರ್ಚಿನ ಲೆಕ್ಕ ಕೇಳಿ ಎರಡು ದಿನ ಮಾತು ಬಿಟ್ಟದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ದೂರದ ವ್ಯೋಮನೌಕೆಯ ಚಿತ್ರ ತೆಗೆಯುವ ಹುಚ್ಚು ಹೊಸದೇನೂ ಅಲ್ಲ. ೧೯೫೯ರ ಜನವರಿಯಲ್ಲಿ ರಷ್ಯನರು ಲೂನಾ–೧ನ್ನು ಚಂದ್ರನತ್ತ ಹಾರಿಸಿದಾಗ, ಅದು ಎಲ್ಲಿದೆಯೆಂದು ಭೂಮಿಯಿಂದ ಕಾಣಲೆಂದು ಅದರೊಳಗೆ ಒಂದು ಕಿಲೋಗ್ರಾಮು ಸೋಡಿಯಮ್ ಇಟ್ಟಿದ್ದರು. ಒಂದು ಲಕ್ಷ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ ಆ ಲೋಹ ಆವಿಯಾಗಿ ಚೆಲ್ಲಿ, ಬಿಸಿಲಿಗೆ ಕಿತ್ತಳೆ ಬಣ್ಣದ ಮೋಡವಾಗಿ ಹೊಳೆಯಿತು. ಅದನ್ನು ರಷ್ಯದ ಖಗೋಳಜ್ಞರು ಛಾಯಾಚಿತ್ರದಲ್ಲಿ ಹಿಡಿದರು. ಆ ಹೊತ್ತಿಗೆ ನೌಕೆಯಿದ್ದದ್ದು ನಮ್ಮ ಹಿಂದೂ ಮಹಾಸಾಗರದ ಮೇಲಿನ ಆಕಾಶದಲ್ಲಿ. ಹೊಳಪು ಬರಿಗಣ್ಣಿಗೆ ಅಂಚಿನಲ್ಲಿ ಕಾಣುವ ಆರನೆಯ ಕಾಂತಿಮಾನದ ನಕ್ಷತ್ರದಷ್ಟು. ಅಂದು ಯಾವ ಮೀನುಗಾರನಾದರೂ ತಲೆಯೆತ್ತಿ ಅದನ್ನು ಕಂಡಿದ್ದನೋ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ.

ಅದೇ ಕಾಲಕ್ಕೆ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಕೃತಕ ಉಪಗ್ರಹಗಳನ್ನು ಹಿಂಬಾಲಿಸಲು ಪ್ರಪಂಚದ ಹನ್ನೆರಡು ಕಡೆ ಬೇಕರ್–ನನ್ ಎಂಬ ಭಾರಿ ಕ್ಯಾಮರಾಗಳನ್ನು ಇರಿಸಿತು. ಅದರಲ್ಲೊಂದು ನಮ್ಮ ನೈನಿತಾಲದಲ್ಲಿ. ಇದಲ್ಲದೆ ‘ಮೂನ್‌ವಾಚ್’ ಎಂಬ ಹೆಸರಿನಲ್ಲಿ ಸಾಮಾನ್ಯ ಜನರ, ಎಂದರೆ ಗುಮಾಸ್ತರ, ವಿದ್ಯಾರ್ಥಿಗಳ, ಗೃಹಿಣಿಯರ ತಂಡಗಳನ್ನೂ ಕಟ್ಟಿತು. ಪುಟ್ಟ ದೂರದರ್ಶಕಗಳನ್ನು ಸಾಲಾಗಿಟ್ಟು, ಉಪಗ್ರಹ ಹಾಯ್ದ ಕ್ಷಣವನ್ನು ಗುರುತು ಹಾಕುವುದು ಅವರ ಕೆಲಸ. ಆ ವ್ಯವಸ್ಥೆ ೧೯೭೫ರ ತನಕ ನಡೆಯಿತು. ನಮ್ಮಂಥವರಿಗೆ ಇದೊಂದು ಸಮಾಧಾನದ ವಿಷಯ. ಕಚೇರಿಯ ಕಡತ ಕಟ್ಟುವವನಿಗೂ ಈ ವಿದ್ಯೆಯಲ್ಲಿ ಒಂದು ಮಣೆ ಮೊದಲಿನಿಂದಲೂ ಉಂಟು.

ಇನ್ನು ವಿಷಯಕ್ಕೆ ಬರೋಣ. ಬಾಹ್ಯಾಕಾಶದಲ್ಲಿರುವ ನೌಕೆಯನ್ನು ಇಸ್ರೋದವರು ‘ನೋಡುವುದಿಲ್ಲ’, ‘ಕೇಳುತ್ತಾರೆ’. ಬೆಂಗಳೂರಿನಿಂದ ಸುಮಾರು ೪೦ ಕಿಲೋಮೀಟರು ದೂರದ ಬ್ಯಾಲಾಳು ಎಂಬ ಹಳ್ಳಿಯಲ್ಲಿ ೧೮ ಮೀಟರು ಮತ್ತು ೩೨ ಮೀಟರು ಅಗಲದ ಎರಡು ದೊಡ್ಡ ಆಂಟೆನಾಗಳು ೨೦೦೮ರಿಂದ ಇವೆ. ನೌಕೆ ರೇಡಿಯೋದಲ್ಲಿ ಕಳಿಸುವ ಕ್ಷೀಣ ದನಿಯನ್ನು ಅವು ಹಿಡಿಯುತ್ತವೆ. ನಮ್ಮ ಬಳಿ ಆಂಟೆನಾ ಎಲ್ಲಿಂದ ಬರಬೇಕು? ನಮಗಿರುವುದು ಬೆಳಕೊಂದೇ. ನೌಕೆಗೆ ಸ್ವಂತ ಬೆಳಕಿಲ್ಲ. ಅದರ ಮೈಮೇಲೆ ಬಿದ್ದ ಬಿಸಿಲಿನಲ್ಲಿ ಒಂದು ಚೂರು ನಮ್ಮತ್ತ ಚಿಮ್ಮಿದರೆ ಅದೇ ನಮ್ಮ ಬಂಡವಾಳ.

ನಾವು ಆರಿಸಿಕೊಂಡದ್ದು ಜೇಮ್ಸ್ ವೆಬ್ ವ್ಯೋಮ ದೂರದರ್ಶಕವನ್ನು. ೨೦೨೧ರ ಡಿಸೆಂಬರ್ ೨೫ರಂದು ಹೊರಟು, ಒಂದು ತಿಂಗಳ ಪಯಣದ ಮೇಲೆ ಭೂಮಿಯಿಂದ ೧೫ ಲಕ್ಷ ಕಿಲೋಮೀಟರು ಆಚೆ, ಸೂರ್ಯನಿಗೆ ಬೆನ್ನು ಮಾಡಿದ ತಾಣವೊಂದರ ಸುತ್ತ ಅದು ನೆಲೆಸಿತು. ಚಂದ್ರನ ದೂರದ ಸುಮಾರು ನಾಲ್ಕರಷ್ಟು. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಐದು ಸೆಕೆಂಡು ಬೇಕು. ಅದು ಅಲ್ಲಿಗೆ ತಲುಪಿದ ೨೦೨೨ರ ಜನವರಿ ೨೪ರಂದೇ ಇಟಲಿಯ ಖಗೋಳಜ್ಞ ಜಾನ್‌ಲುಕಾ ಮಾಸಿ ೧೭ ಅಂಗುಲದ ದೂರದರ್ಶಕದಿಂದ ಅದರ ಚಿತ್ರ ತೆಗೆದು ಪ್ರಕಟಿಸಿದ್ದರು. ನಮ್ಮ ಮಾಸ್ತರರು ಅದನ್ನು ತೋರಿಸಿ, “ಹದಿನೇಳಕ್ಕೆ ಸಾಧ್ಯವಾದದ್ದು ಎಂಟಕ್ಕೆ ಸ್ವಲ್ಪವಾದರೂ ಸಾಧ್ಯವಾಗಬೇಡವೇ?” ಎಂದು ತರ್ಕ ಹೂಡಿದರು.

ಚಿತ್ರ ಎಂದರೆ ನೌಕೆಯ ಕನ್ನಡಿ, ಕಾಲು, ಕೈಯೆಲ್ಲ ಕಾಣುತ್ತದೆಂದು ಓದುಗರು ಭಾವಿಸಬಾರದು. ವೆಬ್‌ನ ಬಿಸಿಲುಮರೆ ಟೆನ್ನಿಸ್ ಅಂಗಣದಷ್ಟು ದೊಡ್ಡದು, ಸುಮಾರು ೨೧ ಮೀಟರು ಉದ್ದ, ೧೪ ಮೀಟರು ಅಗಲ. ಆದರೂ ಆ ದೂರದಲ್ಲಿ ಅದನ್ನು ನೋಡುವುದೆಂದರೆ ಕಲ್ಕತ್ತೆಯಲ್ಲಿಟ್ಟ ಒಂದು ರೂಪಾಯಿ ನಾಣ್ಯವನ್ನು ವಿಕ್ರೋಳಿಯಿಂದ ನೋಡಿದಂತೆ. ನಮ್ಮ ಎಂಟು ಅಂಗುಲದ ಕನ್ನಡಿ ಬಿಡಿಸಿ ತೋರಿಸಬಲ್ಲ ಅತಿ ಸೂಕ್ಷ್ಮ ಅಂತರಕ್ಕಿಂತಲೂ ಇದು ಇನ್ನೂರು ಪಟ್ಟು ಕಿರಿದು. ಆದ್ದರಿಂದ ಸಿಗುವುದು ಒಂದು ಚುಕ್ಕೆ, ಅಷ್ಟೇ. ಆ ಚುಕ್ಕೆಯೂ ಬಹಳ ಮಸುಕು. ಕಾಂತಿಮಾನದ ಲೆಕ್ಕದಲ್ಲಿ ಐದು ಮೆಟ್ಟಿಲು ಇಳಿದರೆ ಹೊಳಪು ನೂರು ಪಟ್ಟು ಕುಗ್ಗುತ್ತದೆ. ಕಗ್ಗತ್ತಲೆಯ ಹಳ್ಳಿಯಲ್ಲಿ ಬರಿಗಣ್ಣಿಗೆ ಆರನೆಯ ಮೆಟ್ಟಿಲಿನ ತನಕ ಕಾಣುತ್ತದೆ. ವೆಬ್ ಇರುವುದು ಹದಿನಾರರ ಆಸುಪಾಸಿನಲ್ಲಿ. ಎಂದರೆ ಕಣ್ಣಿಗೆ ಕಾಣುವ ಕೊನೆಯ ನಕ್ಷತ್ರಕ್ಕಿಂತ ಹತ್ತು ಸಾವಿರ ಪಟ್ಟು ಮಸುಕು. ಅದರ ಬಿಸಿಲುಮರೆ ಯಾವ ಕೋನದಲ್ಲಿ ತಿರುಗಿದೆಯೆಂಬುದರ ಮೇಲೆ ಇದೂ ಹೆಚ್ಚುಕಡಿಮೆಯಾಗುತ್ತದೆ.

ಹಾಗಾದರೆ ಲಕ್ಷಾಂತರ ನಕ್ಷತ್ರಗಳ ನಡುವೆ ಈ ಚುಕ್ಕೆ ನೌಕೆಯೆಂದು ತಿಳಿಯುವುದು ಹೇಗೆ? ಅದು ನಡೆಯುತ್ತದೆ. ನಕ್ಷತ್ರಗಳು ತಮ್ಮ ತಮ್ಮಲ್ಲಿ ಅಂತರ ಬದಲಿಸುವುದಿಲ್ಲ. ನೌಕೆ ಮಾತ್ರ ಅವುಗಳ ನಡುವೆ ಮೆಲ್ಲನೆ ಸರಿಯುತ್ತದೆ. ಆಕಾಶದ ಅದೇ ತುಣುಕನ್ನು ಒಂದೊಂದು ನಿಮಿಷದ ಚಿತ್ರಗಳಾಗಿ ಎರಡು ಮೂರು ಗಂಟೆ ತೆಗೆದು, ಮಕ್ಕಳು ಪುಸ್ತಕದ ಮೂಲೆಯಲ್ಲಿ ಗೊಂಬೆ ಬರೆದು ಹಾಳೆ ಸರಸರ ತಿರುವುತ್ತಾರಲ್ಲ, ಹಾಗೆ ಒಂದರ ಮೇಲೊಂದು ಓಡಿಸಿದರೆ ಎಲ್ಲ ಚುಕ್ಕೆ ನಿಂತಲ್ಲಿ ನಿಂತು ಒಂದು ಮಾತ್ರ ತೆವಳುತ್ತದೆ. ಅದೇ ಕಳ್ಳ.

ಈ ಕಳ್ಳನನ್ನು ಗುರುತಿಸುವುದರಲ್ಲಿ ಪಂಡಿತರೂ ಎಡವಿದ್ದಾರೆ. ೨೦೦೨ರ ಸೆಪ್ಟೆಂಬರಿನಲ್ಲಿ ಬಿಲ್ ಯುಂಗ್ ಎಂಬ ಹವ್ಯಾಸಿ ವೀಕ್ಷಕರು ಅಮೆರಿಕದ ಅರಿಝೋನಾದಲ್ಲಿ ಭೂಮಿಯನ್ನೇ ಸುತ್ತುತ್ತಿರುವ ಹೊಸ ಕಾಯವೊಂದನ್ನು ಕಂಡರು. ಭೂಮಿಗೆ ಇನ್ನೊಬ್ಬ ಪುಟ್ಟ ಚಂದ್ರ ದೊರಕಿದನೆಂದು ಗುಲ್ಲೆದ್ದಿತು. ಅದರ ಬೆಳಕನ್ನು ಪರೀಕ್ಷಿಸಿದರೆ ಬಿಳಿ ಬಣ್ಣದ ಪೇಂಟು! ೧೯೬೯ರಲ್ಲಿ ಅಪೋಲೋ–೧೨ನ್ನು ಚಂದ್ರನತ್ತ ತಳ್ಳಿ ತಾನು ಅಲೆಮಾರಿಯಾದ ರಾಕೆಟ್ಟಿನ ಮೂರನೆಯ ಹಂತವದು. ಮೂವತ್ತಮೂರು ವರ್ಷಗಳ ಮೇಲೆ ಮನೆಯ ದಾರಿ ಹಿಡಿದಿತ್ತು. ೨೦೦೭ರ ನವೆಂಬರಿನಲ್ಲಿ ಭೂಮಿಯ ತೀರ ಸಮೀಪ ಹಾಯಲಿರುವ ಕ್ಷುದ್ರಗ್ರಹವೆಂದು ಒಂದಕ್ಕೆ ಕ್ರಮಸಂಖ್ಯೆ ಕೊಟ್ಟದ್ದೂ ಆಯಿತು. ನೋಡಿದರೆ ಅದು ಧೂಮಕೇತುವೊಂದನ್ನು ಅರಸಿ ಹೊರಟ ಯೂರೋಪಿನ ‘ರೊಸೆಟ್ಟಾ’ ನೌಕೆ. ೨೦೨೫ರ ಜನವರಿಯಲ್ಲಿಯೂ ಇದೇ ಕಥೆ: ೨೦೧೮ರಲ್ಲಿ ಅಮೆರಿಕದ ಸಾಹುಕಾರರೊಬ್ಬರು ರಾಕೆಟ್ಟಿನಲ್ಲಿಟ್ಟು ಹಾರಿಸಿದ ಮೋಟಾರುಕಾರಿಗೆ ಕ್ಷುದ್ರಗ್ರಹದ ಹೆಸರು ಬಿದ್ದು, ಮರುದಿನವೇ ಅಳಿಸಿಹೋಯಿತು. ೨೦೨೨ರ ಮಾರ್ಚ್ ೪ರಂದು ಚಂದ್ರನ ಹಿಂಬದಿಗೆ ಅಪ್ಪಳಿಸಿದ ರಾಕೆಟ್ಟಿನ ತುಂಡೊಂದನ್ನು ಮುಂಚಿತವಾಗಿ ಲೆಕ್ಕ ಹಾಕಿ ಹೇಳಿದವರು ಬಿಲ್ ಗ್ರೇ ಎಂಬವರು. ಮೊದಲು ಅದನ್ನು ಅಮೆರಿಕದ್ದೆಂದು ಹೇಳಿ, ಬಳಿಕ ತಪ್ಪನ್ನು ತಾವೇ ಒಪ್ಪಿ ಚೀನದ್ದೆಂದು ತಿದ್ದಿದರು. ಹವ್ಯಾಸಿಗಳು ಎಲ್ಲೆಲ್ಲಿಂದಲೋ ಕಳಿಸಿದ ಚುಕ್ಕೆಗಳ ಅಳತೆಯೇ ಇಂಥ ಲೆಕ್ಕಕ್ಕೆಲ್ಲ ಆಧಾರ.

ಈಗ ನಮ್ಮ ಪುರಾಣ. ವಿಕ್ರೋಳಿಯ ತಾರಸಿಯಿಂದ ಇದು ಆಗದ ಮಾತೆಂದು ಮೊದಲೇ ಗೊತ್ತಿತ್ತು. ಆದ್ದರಿಂದ ವಾಂಗಣಿಗೆ ಹೋಗುವುದೆಂದಾಯಿತು. ಕರ್ಜತ್ ದಾರಿಯಲ್ಲಿ ಬದಲಾಪುರ ದಾಟಿದ ಮೇಲೆ ಸಿಗುವ ಈ ಊರು ಮುಂಬಯಿಯ ಆಕಾಶಪ್ರಿಯರಿಗೆ ಯಾತ್ರಾಸ್ಥಳವಿದ್ದಂತೆ. ಹ್ಯಾಲಿ ಧೂಮಕೇತು ಬರುವ ಹೊತ್ತಿಗೆ, ೧೯೮೫ರಲ್ಲಿ, ಹುಟ್ಟಿದ ‘ಖಗೋಳ ಮಂಡಳ’ದವರು ಅಲ್ಲಿ ರಾತ್ರಿಯಿಡೀ ನಕ್ಷತ್ರ ತೋರಿಸುವ ಕಾರ್ಯಕ್ರಮಗಳನ್ನು ನಡೆಸಿಕೊಂಡು ಬಂದಿದ್ದಾರೆ. ಬದಲಾಪುರದ ದೀಪಗಳು ವರ್ಷ ವರ್ಷವೂ ಅತ್ತ ತೆವಳುತ್ತಿವೆಯಾದರೂ ನಮ್ಮ ಕಡೆಗೆ ಹೋಲಿಸಿದರೆ ಅದು ಕತ್ತಲೆಯ ತವರು.

೨೦೨೨ರ ಡಿಸೆಂಬರ್ ೨೪, ಶನಿವಾರ. ಹಿಂದಿನ ದಿನವಷ್ಟೇ ಅಮಾವಾಸ್ಯೆ. ವಿಕ್ರೋಳಿಯಿಂದ ಠಾಣೆ, ಠಾಣೆಯಲ್ಲಿ ಕರ್ಜತ್ ಗಾಡಿ. ದೂರದರ್ಶಕದ ನಳಿಗೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಮಾಲುಡಬ್ಬಿಗೆ ಹತ್ತಿಸಿದೆವು. ಹಾಲಿನ ಕ್ಯಾನುಗಳ ನಡುವೆ ಕೂತಿದ್ದ ಒಬ್ಬ ಸದ್ಗೃಹಸ್ಥರು ಅದನ್ನು ಬಹಳ ಹೊತ್ತು ದೃಷ್ಟಿಸಿ, “ಎಷ್ಟು ಲೀಟರಿನ ಗೀಜರು?” ಎಂದು ಕೇಳಿದರು. ಮಾಸ್ತರರು ಗಂಭೀರವಾಗಿ “ಇಪ್ಪತ್ತೈದು” ಎಂದರು. ಮುಂದಿನ ನಿಲ್ದಾಣದ ತನಕ ಬೆಲೆಯ ಚರ್ಚೆ ನಡೆಯಿತು.

ಪರಿಚಯದ ಒಬ್ಬರ ತೋಟದ ಅಂಗಳದಲ್ಲಿ ಪೀಠ ಹೂಡಿದೆವು. ಪೀಠದ ಅಕ್ಷ ಧ್ರುವನಕ್ಷತ್ರದತ್ತ ಮುಖ ಮಾಡಬೇಕು. ಈ ಸೀಮೆಯಲ್ಲಿ ಧ್ರುವ ದಿಗಂತದಿಂದ ಹತ್ತೊಂಬತ್ತು ಡಿಗ್ರಿ ಮಾತ್ರ ಮೇಲೆ, ಕೈಚಾಚಿ ಹಿಡಿದ ಎರಡು ಮುಷ್ಟಿಯಷ್ಟು. ಮಾವಿನ ಮರವೊಂದು ಅಡ್ಡ ಬಂದು ಅರ್ಧ ಗಂಟೆ ತಿಂದಿತು. ನೌಕೆ ಯಾವ ಗಳಿಗೆಯಲ್ಲಿ ಎಲ್ಲಿರುತ್ತದೆಂಬ ಕೋಷ್ಟಕವನ್ನು ಅಮೆರಿಕದ ಜೆ.ಪಿ.ಎಲ್. ಸಂಸ್ಥೆ ‘ಹೊರೈಜನ್ಸ್’ ಎಂಬ ಹೆಸರಿನಲ್ಲಿ ಯಾರು ಕೇಳಿದರೂ ಬಿಟ್ಟಿಯಾಗಿ ಕೊಡುತ್ತದೆ. ಅದನ್ನು ತಂದವರು ನಾವು. ರಾತ್ರಿ ಒಂಬತ್ತರಿಂದ ಹನ್ನೊಂದರ ತನಕ, ಪೂರ್ವದ ಆಕಾಶದಲ್ಲಿ ಕೋಷ್ಟಕ ಹೇಳಿದ ಜಾಗವನ್ನೇ ಚೌಕಟ್ಟಿನ ನಟ್ಟನಡುವೆ ಇಟ್ಟು ತೊಂಬತ್ತು ಚಿತ್ರ ತೆಗೆದೆವು. ಚಳಿಗೆ ಮಾಸ್ತರರ ಹಲ್ಲು ಕಟಕಟ. ಚಿತ್ರಗಳನ್ನು ಓಡಿಸಿದೆವು. ಯಾವ ಚುಕ್ಕೆಯೂ ಅಲುಗಲಿಲ್ಲ. ಮತ್ತೆ ಓಡಿಸಿದೆವು. ಇಲ್ಲ. ಬೆಳಗಿನ ಮೊದಲ ಗಾಡಿಯಲ್ಲಿ ಯಾರೂ ಯಾರೊಡನೆಯೂ ಮಾತಾಡದೆ ವಿಕ್ರೋಳಿಗೆ ಮರಳಿದೆವು. ಮಾಮ ಕೆಳಗೆ ಬಾಗಿಲಲ್ಲೇ ನಿಂತಿದ್ದರು. ನಮ್ಮ ಮುಖ ನೋಡಿ, “ಕಾಫಿ ಕುಡಿದು ಮಲಗಿ” ಎಂದರು, ಅಷ್ಟೇ.

ತಪ್ಪು ಸಿಕ್ಕಿದ್ದು ಒಂದು ವಾರದ ಮೇಲೆ. ಕೋಷ್ಟಕ ಬೇಡುವ ನಮೂನೆಯಲ್ಲಿ ‘ವೀಕ್ಷಕರ ಸ್ಥಳ’ ಎಂಬ ಒಂದು ಕಾಲಮು ಉಂಟು. ಅದನ್ನು ತುಂಬದಿದ್ದರೆ ಯಂತ್ರ ತನ್ನಷ್ಟಕ್ಕೆ ‘ಭೂಮಿಯ ಕೇಂದ್ರ’ ಎಂದು ಹಿಡಿದುಕೊಳ್ಳುತ್ತದೆ. ನಾವು ತುಂಬಿರಲಿಲ್ಲ! ದಿನಕ್ಕೆ ಹತ್ತಾರು ಅರ್ಜಿಗಳನ್ನು ‘ವಿಳಾಸದ ಕಾಲಮು ಖಾಲಿ’ ಎಂದು ಷರಾ ಬರೆದು ಹಿಂದಿರುಗಿಸುವ ಗುಮಾಸ್ತರು ನಾವು. ನಕ್ಷತ್ರಗಳಾದರೆ ಇದರಿಂದ ಏನೂ ಕೆಡುವುದಿಲ್ಲ. ಅವು ಎಷ್ಟು ದೂರವೆಂದರೆ ಭೂಮಿಯ ನಡುವಿನಿಂದ ನೋಡಿದರೂ ವಾಂಗಣಿಯಿಂದ ನೋಡಿದರೂ ಒಂದೇ. ಹದಿನೈದು ಲಕ್ಷ ಕಿಲೋಮೀಟರಿನ ನೌಕೆಗೆ ಹಾಗಲ್ಲ. ಕೈಯ ಹೆಬ್ಬೆರಳನ್ನು ಮುಂದೆ ಚಾಚಿ ಒಂದು ಕಣ್ಣು ಮುಚ್ಚಿ ತೆರೆದು, ಇನ್ನೊಂದು ಕಣ್ಣು ಮುಚ್ಚಿ ತೆರೆದು ನೋಡಿದರೆ ಬೆರಳು ಗೋಡೆಯ ಮೇಲೆ ಜಿಗಿಯುತ್ತದಲ್ಲವೇ? ಅದೇ ನ್ಯಾಯ. ನೌಕೆ ದಿಗಂತದ ಬಳಿಯಿದ್ದರ ಈ ಜಿಗಿತ ಸುಮಾರು ಕಾಲು ಡಿಗ್ರಿ, ಎಂದರೆ ಚಂದ್ರಬಿಂಬದ ಅರ್ಧದಷ್ಟು. ನೆತ್ತಿಯ ಮೇಲಿದ್ದರೆ ಏನೂ ಇಲ್ಲ. ನಾವು ನೋಡಿದ್ದು ಇನ್ನೂ ಏರುತ್ತಿರುವಾಗ. ನಮ್ಮ ಪುಟ್ಟ ಕ್ಯಾಮರಾದ ಚೌಕಟ್ಟು ಚಂದ್ರನನ್ನೇ ಪೂರ್ತಿ ಹಿಡಿಸದಷ್ಟು ಇಕ್ಕಟ್ಟು. ಆ ಎರಡು ಗಂಟೆಯೂ ನೌಕೆ ಚೌಕಟ್ಟಿನ ಹೊರಗೆ, ಪಕ್ಕದಲ್ಲೇ ನಿಂತಿದ್ದಿರಬೇಕು.

ಮುಂದಿನ ಅವಕಾಶ ೨೦೨೩ರ ಜನವರಿ ೨೧. ಶನಿವಾರ, ಅದರ ಮೇಲೆ ಅಮಾವಾಸ್ಯೆ. ನಮ್ಮ ತಾಯಿಯವರು ಇದನ್ನು ಕೇಳಿದ್ದೇ ತಡ, “ಶನಿವಾರದ ಅಮಾವಾಸ್ಯೆಯ ನಡುರಾತ್ರಿ ಕಾಡಿನಲ್ಲಿ ಕೂರುವ ಕೆಲಸ ಯಾವ ಸರಕಾರದ್ದು?” ಎಂದು ಎದ್ದು ನಿಂತರು. ಚಂದ್ರನಿಲ್ಲದ ರಾತ್ರಿಯೇ ನಮಗೆ ಬೇಕಾದದ್ದೆಂದು ಎಷ್ಟು ವಿವರಿಸಿದರೂ ಒಪ್ಪಲಿಲ್ಲ. ಕೊನೆಗೆ ಮಾಮ ಮೇಲೆ ಬಂದು, “ಅಕ್ಕ, ಹೋಗಲಿ ಬಿಡಿ, ನನ್ನದೊಂದು ಕೆಲಸ ಉಂಟು” ಎಂದಮೇಲೆ, ಜೇಬಿನಲ್ಲಿ ಒಂದು ನಿಂಬೆಹಣ್ಣು ಇರಿಸಿಕೊಳ್ಳಬೇಕೆಂಬ ಷರತ್ತಿನ ಮೇಲೆ ಅಪ್ಪಣೆಯಾಯಿತು.

ಈ ಸಲ ವಾಂಗಣಿಯ ಅಕ್ಷಾಂಶ ರೇಖಾಂಶಗಳನ್ನು ಮೂವರೂ ಒಬ್ಬರಾದ ಮೇಲೊಬ್ಬರು ಓದಿ ತಾಳೆ ನೋಡಿದೆವು. ನೌಕೆ ಸಾಕಷ್ಟು ಮೇಲೇರುವ ತನಕ ಕಾದು, ಹತ್ತೂವರೆಯಿಂದ ಒಂದೂವರೆಯ ತನಕ ತೆಗೆದೆವು. ಚಿತ್ರಗಳನ್ನು ಓಡಿಸಿದರೆ ಒಂದು ಚುಕ್ಕೆ ನಿಜವಾಗಿ ತೆವಳುತ್ತಿದೆ! ಮಾಸ್ತರರು ಕುಣಿದೇ ಬಿಟ್ಟರು. ಮುಲುಂಡಿನ ಗೆಳೆಯರು ಸಂಶಯದ ಪ್ರಾಣಿ. ಸೂರ್ಯನಿಗೆ ಎದುರಿನ ಆಕಾಶದಲ್ಲಿ ಕ್ಷುದ್ರಗ್ರಹಗಳ ಸಂತೆಯೇ ನೆರೆದಿರುತ್ತದೆ, ಮೊದಲು ಅಳೆಯೋಣ ಎಂದರು. ಅಳೆದರೆ ಅದರ ನಡೆಯ ವೇಗ ಕೋಷ್ಟಕದೊಡನೆ ಹೊಂದಲೇ ಇಲ್ಲ. ಯಾವುದೋ ಬಂಡೆ. ಮಾಸ್ತರರು ಕಂಬಳಿ ಹೊದ್ದು ಕೂತುಬಿಟ್ಟರು.

ಆಮೇಲೆ ಗೆಳೆಯರು ಒಂದು ಉಪಾಯ ಮಾಡಿದರು. ಕೋಷ್ಟಕ ಹೇಳಿದ ನಡೆಗೆ ಸರಿಯಾಗಿ ಚಿತ್ರಗಳನ್ನು ಒಂದಿಷ್ಟೊಂದಿಷ್ಟು ಸರಿಸಿ ಒಂದರ ಮೇಲೊಂದು ಪೇರಿಸಿದರು. ಹೀಗೆ ಮಾಡಿದಾಗ ನಕ್ಷತ್ರಗಳೆಲ್ಲ ಎಳೆದು ಗೆರೆಗಳಾಗುತ್ತವೆ. ನೌಕೆ ಅಲ್ಲಿದ್ದರೆ ಅದರ ಬೆಳಕು ಮಾತ್ರ ಒಂದೇ ಕಡೆ ಕೂಡಿಕೊಂಡು ಗಟ್ಟಿಯಾಗುತ್ತದೆ. ಇಪ್ಪತ್ತು ಚಿತ್ರ ಪೇರಿಸಿದಾಗ ಗೆರೆಗಳ ನಡುವೆ ಏನೋ ಒಂದು ಮಸುಕು. ನಲವತ್ತು ಪೇರಿಸಿದಾಗ ಚುಕ್ಕೆ. ಮೊದಲಿನ ನಲವತ್ತರಲ್ಲಿ ಒಂದು ಕಡೆ, ಕೊನೆಯ ನಲವತ್ತರಲ್ಲಿ ಸ್ವಲ್ಪ ಆಚೆ, ಎರಡೂ ಕೋಷ್ಟಕ ಹೇಳಿದ ಜಾಗದಲ್ಲೇ. ಆ ನಡೆಯೂ ನೇರವಲ್ಲ, ತುಸು ಬಾಗಿದ್ದು. ಭೂಮಿ ನಮ್ಮನ್ನು ಹೊತ್ತು ತಿರುಗುತ್ತಿರುವುದರ ಗುರುತು ಅದು. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಐದು ಸೆಕೆಂಡು ಹಳೆಯದಾದ ಬಿಸಿಲು, ಅಮೆರಿಕದವರೂ ಯೂರೋಪಿನವರೂ ಕೆನಡಾದವರೂ ಕೂಡಿ ಕಟ್ಟಿದ ದೂರದರ್ಶಕದ ಬಿಸಿಲುಮರೆಯಿಂದ ಚಿಮ್ಮಿ, ವಾಂಗಣಿಯ ತೋಟದಲ್ಲಿ ನಮ್ಮ ಬಳಸಿದ ಕನ್ನಡಿಯ ಮೇಲೆ ಬಿದ್ದಿತ್ತು.

ಮರುದಿನ ಅದನ್ನು ಬಿಳಿಯ ಕಾಗದದ ಮೇಲೆ ಕಪ್ಪು ಚುಕ್ಕೆಯಾಗುವಂತೆ ತಿರುವಿ, ದೊಡ್ಡದಾಗಿ ಅಚ್ಚು ಹಾಕಿಸಿ ಮಾಮನ ಮುಂದಿಟ್ಟೆವು. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿಗೆ ಭೂತಗನ್ನಡಿ ಹಿಡಿದು, ಲೇತ್ ಯಂತ್ರದ ಕೆಲಸ ಪರೀಕ್ಷಿಸುವಂತೆ, ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದರದ್ದು ಯಾವ ರಾಕೆಟ್ಟು?” ಎಂದರು. ಫ್ರಾನ್ಸಿನ ಏರಿಯಾನ್ ಎಂದೆವು. ಅವರ ಮುಖ ಅರಳಿತು. “ಹಾಗಾದರೆ ದಾಯಾದಿಯದ್ದೇ!” ನಮಗೆ ಅರ್ಥವಾಗಲಿಲ್ಲ. ಆಗ ಅವರೇ ಹೇಳಿದರು: ನಮ್ಮ ವಿಕಾಸ್ ಎಂಜಿನಿನ ತವರು ಫ್ರಾನ್ಸಿನ ‘ವೈಕಿಂಗ್’. ೧೯೭೪ರ ಒಪ್ಪಂದದಂತೆ ನಮ್ಮ ಎಂಜಿನಿಯರರು ಅಲ್ಲಿಗೆ ಹೋಗಿ, ಅವರೊಡನೆ ದುಡಿದು, ಆ ವಿದ್ಯೆಯನ್ನು ಕಲಿತು ತಂದರು. ಏರಿಯಾನ್‌ನ ಮೊದಲ ನಾಲ್ಕು ತಲೆಮಾರುಗಳನ್ನು ಎತ್ತಿದ್ದು ಆ ವೈಕಿಂಗ್ ಎಂಜಿನೇ. ವೆಬ್ಬನ್ನು ಹೊತ್ತದ್ದು ಐದನೆಯ ತಲೆಮಾರು, ಅದರ ಎಂಜಿನು ಬೇರೆ ಎಂದು ಮಾಸ್ತರರು ತಿದ್ದಹೋದರು. “ಇರಲಿ ಮಾಸ್ತರೇ, ಮನೆತನ ಒಂದೇ” ಎಂದು ಮಾಮ ಅದನ್ನು ತಳ್ಳಿಹಾಕಿದರು. ಆ ಮೇಲೆ ಕಾಗದವನ್ನು ಮಡಿಸಿ ನಮ್ಮ ಕೈಗೆ ಕೊಡುತ್ತ, “ನಮ್ಮದೇ ಒಂದನ್ನು ಹಿಡಿಯಿರಿ ನೋಡುವ” ಎಂದರು.

ನಮ್ಮದು ಬಂದಿತು. ೨೦೨೩ರ ಜುಲೈ ೧೪ರಂದು ಚಂದ್ರಯಾನ–೩ ಹಾರಿತು. ಅದು ಒಮ್ಮೆಗೇ ಚಂದ್ರನತ್ತ ನುಗ್ಗಲಿಲ್ಲ. ಭೂಮಿಯ ಸುತ್ತ ಉದ್ದುದ್ದ ಸುತ್ತುಗಳನ್ನು ಹಾಕುತ್ತ, ಜುಲೈ ೨೫ರ ಹೊತ್ತಿಗೆ ಒಂದು ಲಕ್ಷ ಇಪ್ಪತ್ತೇಳು ಸಾವಿರ ಕಿಲೋಮೀಟರಿನ ತನಕ ಹೋಗಿ ಬರುತ್ತಿತ್ತು. ವೆಬ್‌ನ ದೂರದ ಸುಮಾರು ಹನ್ನೆರಡನೆಯ ಒಂದು ಪಾಲು ಮಾತ್ರ! ಆದರೆ ಮುಂಬಯಿಯ ಜುಲೈ ಎಂದರೆ ಏನೆಂದು ನಮ್ಮ ಓದುಗರಿಗೆ ಹೇಳಬೇಕೇ? ಹದಿನೇಳು ರಾತ್ರಿ ನಾವು ಮೋಡದ ಬುಡವನ್ನು ನೋಡಿದೆವು. ಒಂದು ರಾತ್ರಿ ಒಂದೆರಡು ಚುಕ್ಕೆ ಕಂಡವೆಂದು ಪೀಠ ಹೊತ್ತು ತಾರಸಿಗೆ ಓಡಿ, ಕೊಡೆ ಹಿಡಿದು ಇಳಿದೆವು. ಆಗಸ್ಟ್ ೧ರಂದು ಅದು ಚಂದ್ರನ ದಾರಿ ಹಿಡಿಯಿತು. ಆ ದಿನಗಳಲ್ಲೇ ಪೋಲೆಂಡ್ ದೇಶದ ಒಂದು ದೂರದರ್ಶಕ ಅದನ್ನು ಚಿತ್ರದಲ್ಲಿ ಹಿಡಿಯಿತು. ನಕ್ಷತ್ರಗಳ ನಡುವೆ ಓಡುವ ಒಂದು ಚುಕ್ಕೆ. ನಾವು ಅದನ್ನು ಮಾಮನಿಗೆ ತೋರಿಸಿದೆವು. ಸಂತೋಷಪಟ್ಟರು, ಆದರೆ ಭೂತಗನ್ನಡಿ ತರಲು ಹೇಳಲಿಲ್ಲ.

ಆಗಸ್ಟ್ ೨೩ರ ಸಂಜೆ ಅದು ಚಂದ್ರನ ಮೇಲೆ ಇಳಿದಾಗ ನಮ್ಮ ಕಟ್ಟಡದಲ್ಲಿ ಪೇಡೆ ಹಂಚಿದವರು ಅವರೇ. ಆರ್ಯಭಟವನ್ನು ಪೀಣ್ಯದ ಷೆಡ್ಡುಗಳಲ್ಲಿ ಕಟ್ಟಿದ ಅದಮಾರಿನ ಯು. ಆರ್. ರಾಯರು ಇದನ್ನು ನೋಡಲು ಇರಬೇಕಿತ್ತು ಎಂದು ಎರಡು ಮೂರು ಸಲ ಹೇಳಿದರು. ರಾಯರು ೨೦೧೭ರಲ್ಲಿ ತೀರಿಕೊಂಡಿದ್ದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಂದ್ರಯಾನ–೩ರಲ್ಲಿ ಇಳಿದದ್ದು ಒಂದು ಭಾಗ. ಅದನ್ನು ಚಂದ್ರನ ತನಕ ಹೊತ್ತೊಯ್ದ ನೂಕುಘಟಕ ಮೇಲೆಯೇ ಸುತ್ತುತ್ತಿತ್ತು. ಅದರಲ್ಲಿ ನೂರು ಕಿಲೋಗ್ರಾಮಿಗೂ ಹೆಚ್ಚು ಇಂಧನ ಉಳಿದಿತ್ತು. ಇಸ್ರೋದವರು ಅದನ್ನು ವ್ಯರ್ಥ ಮಾಡದೆ ಘಟಕವನ್ನು ಚಂದ್ರನಿಂದ ಹಿಂದಕ್ಕೆ ಭೂಮಿಯ ಕಕ್ಷೆಗೆ ತಂದರು. ೨೦೨೩ರ ನವೆಂಬರ್ ೨೨ರಂದು ಅದು ಮೊದಲ ಸಲ ಭೂಮಿಯ ಸಮೀಪ, ಎಂದರೆ ಒಂದೂವರೆ ಲಕ್ಷ ಕಿಲೋಮೀಟರಿನಷ್ಟು ಹತ್ತಿರ, ಹಾಯ್ದುಹೋಯಿತು. ಈ ಸುದ್ದಿಯನ್ನು ಮಾಮನ ಮನೆಗೆ ಓಡಿಹೋಗಿ ಹೇಳಿದವರು ನಾವೇ. “ಹೋದದ್ದು ತಿರುಗಿ ಬಂತೋ!” ಎಂದು ಅವರು ಕುರ್ಚಿಯಿಂದ ಎದ್ದುಬಿಟ್ಟರು.

ಅಂದಿನಿಂದ ನಾವು ಅದರ ಬೆನ್ನು ಹತ್ತಿದ್ದೇವೆ. ಮೂರು ಸಲ ವಾಂಗಣಿಗೆ ಹೋಗಿ ಬಂದೆವು. ಒಮ್ಮೆ ಮಂಜು, ಒಮ್ಮೆ ಮೋಟಾರು ಕೆಟ್ಟಿತು, ಒಮ್ಮೆ ಎಲ್ಲ ಸರಿಯಿದ್ದೂ ಏನೂ ಸಿಗಲಿಲ್ಲ. ವೆಬ್‌ನ ಬಿಸಿಲುಮರೆಯ ಮುಂದೆ ಇದು ಒಂದು ಪೆಟ್ಟಿಗೆ ಮಾತ್ರ. ಹತ್ತಿರ ಬಂದಾಗ ಓಡುತ್ತದೆ, ದೂರ ಹೋದಾಗ ಮಸುಕಾಗುತ್ತದೆ. ೨೦೨೫ರ ನವೆಂಬರಿನಲ್ಲಿ ಎರಡು ಸಲ ಚಂದ್ರನ ಪಕ್ಕದಿಂದ ಹಾಯ್ದ ಮೇಲೆ ಅದರ ಕಕ್ಷೆ ಇನ್ನೂ ಹಿಗ್ಗಿ ಕೆಲಸ ಮತ್ತಷ್ಟು ಕಠಿನವಾಗಿದೆ. ಈಗ ಸ್ವಲ್ಪ ಅಗಲ ಚೌಕಟ್ಟಿನ ಕ್ಯಾಮರಾ ಒಂದನ್ನು ಕೊಂಡಿದ್ದೇವೆ. ಮನೆಯಾಕೆ ಈ ಸಲ ಒಂದೇ ದಿನ ಮಾತು ಬಿಟ್ಟರು. ಮಾಮ ತಾವೂ ವಾಂಗಣಿಗೆ ಬರುತ್ತೇನೆಂದು ಹಟ ಹಿಡಿದಿದ್ದಾರೆ. ಎಡಗಣ್ಣಿಗೆ ದಿನಕ್ಕೆ ಮೂರು ಸಲ ಹನಿಮದ್ದು. ಅದರ ಪೆಟ್ಟಿಗೆ, ಕಂಬಳಿ, ಮಡಿಸುವ ಕುರ್ಚಿ ಎಲ್ಲ ಬಾಗಿಲ ಬಳಿ ಸಿದ್ಧವಾಗಿವೆ. ಮುಂದಿನ ಅಮಾವಾಸ್ಯೆ ಯಾವ ವಾರ ಬೀಳುತ್ತದೆಂದು ಪಂಚಾಂಗ ನೋಡಿ ಹೇಳುವ ಕೆಲಸವನ್ನು ನಮ್ಮ ತಾಯಿಯವರೇ ವಹಿಸಿಕೊಂಡಿದ್ದಾರೆ.